ಮೇಲಿನ ಮನೆಯ ಪೈಪು, ಕೆಳಗಿನ ಮನೆಯ ಗೋಡೆ

ಗುರುವಾಯನಕೆರೆಯಲ್ಲಿ ರವಿಕೆ ಹೊಲಿಸಬೇಕಾದರೆ ಹೆಂಗಸರು ಹೆಚ್ಚಾಗಿ ಹೋಗುವುದು ಲೋಲಾಕ್ಷಿಯ ಹತ್ತಿರ. ಅಳತೆಗೆಂದು ಹಳೆಯ ರವಿಕೆ ಕೊಟ್ಟರೂ ಅವಳು ಟೇಪು ಹಿಡಿದು ಮತ್ತೊಮ್ಮೆ ಅಳೆಯುತ್ತಾಳೆ. ಬೆಳುವಾಯಿಯಲ್ಲಿ ಹುಟ್ಟಿ, ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡು, ಹೊಲಿದ ದುಡಿಮೆಯಲ್ಲೇ ಮಗಳು ದೀಕ್ಷಿತಾಳನ್ನು ನರ್ಸಿಂಗ್ ಓದಿಸಿದವಳು. ಹಿಂದೆ ಮೂಡಬಿದ್ರೆಯಲ್ಲಿದ್ದಾಗ ಬಾಡಿಗೆ ಮನೆಯ ಮಾಲಕರು ಮೊದಲೇ ಇದ್ದ ಗೋಡೆಯ ಬಿರುಕನ್ನು ಅವಳ ತಲೆಗೆ ಕಟ್ಟಿದ್ದರು. ಅಂದಿನಿಂದ ಯಾರ ಮಾತನ್ನೂ ಪೂರ್ತಿ ನಂಬುವುದನ್ನು ಬಿಟ್ಟಿದ್ದಳು.

ಕಳೆದ ಮೇ ತಿಂಗಳಲ್ಲಿ ಅವಳು ಭೋಜ ಶೆಟ್ಟರ ಮನೆಯ ಕೆಳ ಅಂತಸ್ತಿಗೆ ಬಂದಳು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ್ದ ಶೆಟ್ಟರು ಮೇಲೆ ಇದ್ದರು. ಗೋಡೆಗಳಲ್ಲಿ ಹೊಸ ಬಣ್ಣ ಹೊಳೆಯುತ್ತಿತ್ತು. ಜೂನ್ ಕೊನೆಗೆ ಹೊಲಿಗೆಯ ಕೋಣೆಯಲ್ಲಿ ಮುಗ್ಗಲು ವಾಸನೆ. ಕಪಾಟು ಸರಿಸಿದರೆ ಹಿಂದೆಲ್ಲ ಕಪ್ಪು ಬೂಸ್ಟು. ಮದುಮಗಳೊಬ್ಬಳ ರೇಷ್ಮೆ ರವಿಕೆಗೂ ಚುಕ್ಕೆ ಹತ್ತಿತ್ತು. ಮಲಗುವ ಕೋಣೆಯ ಮೂಲೆಯೂ ಹಾಗೆಯೇ ಆಗಿತ್ತು.

ವಿಷಯ ತಿಳಿಸಿದಾಗ ಶೆಟ್ಟರು ಇಳಿದು ಬಂದರು. ಗೋಡೆಗಿಂತ ಹೆಚ್ಚು ಹೊತ್ತು ನೋಡಿದ್ದು ಮಲಗುವ ಕೋಣೆಯಲ್ಲಿ ಕಟ್ಟಿದ್ದ ಬಟ್ಟೆ ಒಣಗಿಸುವ ಹಗ್ಗವನ್ನು.

"ಕಿಟಕಿ ತೆಗೆಯುವುದಿಲ್ಲ, ಚಂಡಿ ಬಟ್ಟೆ ಒಳಗೇ ಒಣಗಿಸ್ತೀರಿ. ಗೋಡೆ ಮತ್ತೆ ಏನು ಮಾಡ್ತದೆ?"

ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು ಹೋದರು. ಫೋಟೋ ಯಾಕೆ? ಲೋಲಾಕ್ಷಿ ಅಂದೇ ಬಾಡಿಗೆಯ ಕರಾರುಪತ್ರ ತೆಗೆದು ಓದಿದಳು. ಮನೆಯನ್ನು ಸುಸ್ಥಿತಿಯಲ್ಲಿ ಇಡುವುದು ಬಾಡಿಗೆದಾರರ ಹೊಣೆ ಎಂದಿತ್ತು. ಗೋಡೆ ಪಸೆ ಹಿಡಿದರೆ ಯಾರು ಸರಿಮಾಡಿಸಬೇಕು ಎಂಬುದು ಇರಲಿಲ್ಲ. ಬಣ್ಣ ಬಳಿಸಿದ್ದೇ ಬೂಸ್ಟು ಮುಚ್ಚಲಿಕ್ಕೆ ಎಂಬ ಅನುಮಾನ ಗಟ್ಟಿಯಾಯಿತು.

ಅವಳು ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಎರಡು ದಿನಕ್ಕೊಮ್ಮೆ ಪಸೆಯ ಅಂಚಿಗೆ ಗೆರೆ ಎಳೆದು ತಾರೀಕು ಬರೆದಳು. ಜುಲೈಯಲ್ಲಿ ಐದು ದಿನ ಮಳೆ ಬಿಟ್ಟಿತ್ತು. ಆದರೂ ಹೊಲಿಗೆಯ ಕೋಣೆಯ ಪಸೆ ಗೆರೆ ದಾಟಿತು. ಆ ಗೋಡೆಯ ನೇರಕ್ಕೆ ಮೇಲಿರುವುದು ಶೆಟ್ಟರ ಬಚ್ಚಲು.

ಬಣ್ಣ ಹೊಡೆದಿದ್ದ ಇಬ್ರಾಹಿಂ ಖಲೀಲ್‌ನನ್ನು ಹುಡುಕಿ ಕೇಳಿದಳು. ಅವನು ಬಹಳ ಹೊತ್ತು ಮಾತು ಹಾರಿಸಿದ.

"ನನ್ನ ಹೆಸರು ಹೇಳ್ಬೇಡಿ ಅಕ್ಕ. ಪೈಪು ನೋಡಿಸುವ ಅಂತ ನಾನು ಹೇಳಿದ್ದೆ. ಮಳೆಗಾಲ ಕಳೆಯಲಿ, ಈಗ ಬಣ್ಣ ಹಾಕು ಅಂದ್ರು ಶೆಟ್ರು."

ಎರಡೂ ಗೋಡೆಗಳ ಪಸೆ ಒರೆಸಿ, ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತಲೂ ಟೇಪು ಅಂಟಿಸಲು ಅವನೇ ಹೇಳಿಕೊಟ್ಟ. ಹಾಳೆಯ ಹಿಂದೆ ನೀರು ಕೂತರೆ ಗೋಡೆಯದ್ದು, ಮುಂದೆ ಕೂತರೆ ಕೋಣೆಯ ಗಾಳಿಯದ್ದು.

ಎರಡು ದಿನ ಬಿಟ್ಟು ನೋಡಿದರೆ ಹೊಲಿಗೆಯ ಕೋಣೆಯಲ್ಲಿ ನೀರು ಹಾಳೆಯ ಹಿಂದೆ. ಮಲಗುವ ಕೋಣೆಯಲ್ಲಿ ಮುಂದೆ.  ಇಬ್ರಾಹಿಮನೂ ಶೆಟ್ಟರ ಕಡೆಯವನೇ ಇರಬೇಕು ಎಂದುಕೊಂಡಳು ಲೋಲಾಕ್ಷಿ. ಆ ಪರೀಕ್ಷೆ ಸುಳ್ಳೆಂದು ತೋರಿಸಲಿಕ್ಕಾಗಿಯೇ ಹಗ್ಗ ಬಿಚ್ಚಿ ಜಗಲಿಗೆ ಕಟ್ಟಿದಳು, ಹಗಲೆಲ್ಲ ಕಿಟಕಿ ತೆರೆದಿಟ್ಟಳು. ವಾರದೊಳಗೆ ಮಲಗುವ ಕೋಣೆಯ ಹಾಳೆ ಒಣಗಿತು.

ಮಲಗುವ ಕೋಣೆಯ ತಪ್ಪನ್ನೂ ಶೆಟ್ಟರ ಮೇಲೆಯೇ ಹಾಕಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮೂಡಬಿದ್ರೆಯಲ್ಲಿ ತನಗೆ ಮಾಡಿದ್ದನ್ನು ತಾನು ಮಾಡಲು ಮನಸ್ಸು ಒಪ್ಪಲಿಲ್ಲ. ಮೇಲೆ ಹೋಗಿ ಶೆಟ್ಟರನ್ನು ಕರೆತಂದಳು.

"ಮಲಗುವ ಕೋಣೆಯದ್ದು ನನ್ನ ತಪ್ಪು ಶೆಟ್ರೇ, ಬೂಸ್ಟು ನಾನೇ ಉಜ್ಜಿ ತೆಗೆಯುತ್ತೇನೆ. ಈ ಗೋಡೆಗೆ ನೀರು ನಿಮ್ಮ ಬಚ್ಚಲಿಂದ ಬರ್ತದೆ. ಗೆರೆ ನೋಡಿ, ತಾರೀಕು ಉಂಟು."

ಇಬ್ರಾಹಿಮನ ಹೆಸರು ಎತ್ತಲಿಲ್ಲ. ಶೆಟ್ಟರು ಗೆರೆಗಳನ್ನು ಒಂದೊಂದಾಗಿ ನೋಡಿದರು.

"ನನಗೆ ಮೊದಲೇ ಸಂಶಯ ಇತ್ತು," ಎಂದರು ಕೊನೆಗೆ. "ಬಚ್ಚಲು ಒಡೆಸಲಿಕ್ಕೆ ಉದಾಸೀನ ಮಾಡಿದೆ. ನೀವು ದೂರು ಕೊಟ್ಟರೆ ತೋರಿಸುವ ಅಂತ ಆ ಫೋಟೋ ಇಟ್ಟುಕೊಂಡೆ."

ಮರುವಾರ ಬಚ್ಚಲಿನ ಟೈಲ್ಸ್ ಒಡೆಸಿದರು. ಲೋಲಾಕ್ಷಿ ಕೆಲಸ ಬಿಟ್ಟು ಪಕ್ಕದಲ್ಲೇ ನಿಂತಿದ್ದಳು. ಪೈಪಿನ ಜಾಯಿಂಟು ಬಿಟ್ಟಿತ್ತು. ಹೊಸ ಜಾಯಿಂಟು ಹಾಕಿ ನೀರು ಬಿಟ್ಟು ನೋಡುವವರೆಗೂ ಅವಳು ಕದಲಲಿಲ್ಲ. ಮದುಮಗಳಿಗೆ ಬೇರೆ ಬಟ್ಟೆ ತರಿಸಿ ಹೊಲಿದು ಕೊಟ್ಟಳು.

ಕರಾರು ಹೊಸದು ಮಾಡಲು ಇಬ್ಬರೂ ಬೆಳ್ತಂಗಡಿಗೆ ಹೋದರು. ಪೈಪು, ಚಾವಣಿ, ಗೋಡೆಯ ಸೋರಿಕೆ ಸರಿಪಡಿಸುವುದು ಮಾಲಕರದ್ದು; ಗಾಳಿ ಆಡಿಸುವುದು, ಪಸೆ ಕಂಡ ಕೂಡಲೇ ತಿಳಿಸುವುದು ಬಾಡಿಗೆದಾರರದ್ದು ಎಂದು ಬರೆಸಿದರು. ಶೆಟ್ಟರು ಓದದೆ ಸಹಿ ಹಾಕಿದರು. ಲೋಲಾಕ್ಷಿ ಎರಡು ಸಲ ಓದಿ, ಮಗಳಿಗೆ ಫೋನಿನಲ್ಲಿ ಓದಿ ಹೇಳಿ, ಆಮೇಲೆ ಪೆನ್ನು ಕೇಳಿದಳು.