ಹಸಿರು ಸೀರೆಯವಳು ಯಾರು

ಸೇಡಂನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಕೆಮಿಸ್ಟ್ರಿ ಕಲಿಸುವ ಮೇಡಂ ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು.

"ನೋಡ್ರಿ ಮೇಡಂ, ಇಕೀನೇ ಅಂತ. ಆ ಫೋಟೋಗ್ರಾಫರನ ಕೊಲಿ ಕೇಸಿನಾಗ ಎಲ್ಲಾರೂ ಇಕೀನ್ನೇ ಹುಡುಕ್ಲಿಕತ್ತಾರ."

ವಾಡಿ ಸ್ಟೇಷನ್ನಿನ ಎದುರಿನ ಯಾವುದೋ ಅಂಗಡಿಯ ಸಿಸಿಟಿವಿ ತುಣುಕು ಅದು. ಹಸಿರು ಸೀರೆ ಉಟ್ಟ ಹೆಂಗಸೊಬ್ಬಳು ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತಿದ್ದಾಳೆ. ಅವಳೆದುರು ಹೆಗಲಿಗೆ ದೊಡ್ಡ ಬ್ಯಾಗು ಹಾಕಿಕೊಂಡ ಗಂಡಸು ಕೈಯಾಡಿಸುತ್ತ ಏನೋ ಹೇಳುತ್ತಿದ್ದಾನೆ. ಜೇಬಿನಿಂದ ಸಣ್ಣದೇನನ್ನೋ ತೆಗೆದು ಕೊಡುತ್ತಾನೆ. ಅವಳು ಅದನ್ನು ತನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಎಡಗಾಲು ಎಳೆಯುತ್ತ ಹೊರಟುಹೋಗುತ್ತಾಳೆ.

ನಮ್ಮ ಬೆನ್ನನ್ನು ನಾವು ಯಾವತ್ತೂ ಸರಿಯಾಗಿ ನೋಡಿರುವುದಿಲ್ಲ. ನನಗೆ ಗುರುತು ಸಿಕ್ಕಿದ್ದು ಬ್ಯಾಗಿನಿಂದ. ಅದೇ ಬ್ಯಾಗು ಆಗ ನನ್ನ ಕುರ್ಚಿಗೆ ನೇತುಬಿದ್ದಿತ್ತು. ಮೆಲ್ಲನೆ ಸೆರಗು ಸರಿಸಿ ಅದನ್ನು ಮುಚ್ಚಿಕೊಂಡೆ.

"ಯಾರಿರಬಹುದ್ರಿ?" ಎಂದು ಮೇಡಂ ಕೇಳಿದರು.

"ಯಾರಿಗೊತ್ತು" ಎಂದೆ.

ಆ ಫೋಟೋಗ್ರಾಫರ್ ಶಹಾಬಾದಿನವನು. ಸುತ್ತಲಿನ ಮದುವೆಗಳಿಗೆಲ್ಲ ಅವನೇ ಬರುತ್ತಿದ್ದ. ನನ್ನ ತಂಗಿಯ ಮಗಳ ಮದುವೆಗೂ ಬಂದಿದ್ದ. ಮದುವೆಯ ಫೋಟೋಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಕಾಲೇಜಿನಿಂದ ರೈಲಿನಲ್ಲಿ ವಾಪಸು ಬರುವ ನನಗೆ ವಾಡಿ ಸ್ಟೇಷನ್ನಿನ ಹೊರಗೇ ಕೊಟ್ಟ. ಅದಾದ ಮೇಲೆ ಅವನು ಮನೆಗೆ ಹೋಗಲಿಲ್ಲ. ಭಂಕೂರದ ಕಡೆ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯೊಂದರ ನೀರಿನಲ್ಲಿ ಅವನ ಹೆಣ ಸಿಕ್ಕಿತು. ತಲೆಯ ಹಿಂದೆ ಪೆಟ್ಟು ಬಿದ್ದಿತ್ತು. ಕ್ಯಾಮೆರಾ ಬ್ಯಾಗು ದಂಡೆಯ ಮೇಲೆ ಹಾಗೇ ಇತ್ತು. ಕಳವಿಗಾಗಿ ಕೊಂದದ್ದಲ್ಲ ಎಂದು ಎಲ್ಲರೂ ಅಂದರು. ಮತ್ತೆ ಯಾತಕ್ಕೆ ಎಂದು ಯಾರಿಗೂ ಗೊತ್ತಾಗಲಿಲ್ಲ.

ಪೊಲೀಸರು ಆಗಲೇ ನನ್ನನ್ನು ಕರೆದು ಕೇಳಿದ್ದರು. ಇದ್ದದ್ದನ್ನು ಇದ್ದಂತೆ ಹೇಳಿ, ಪೆನ್ ಡ್ರೈವ್ ಅವರ ಕೈಗೆ ಕೊಟ್ಟಿದ್ದೆ. ಅದರಲ್ಲಿ ಮದುವೆ ಬಿಟ್ಟರೆ ಏನೂ ಇರಲಿಲ್ಲ. "ನೀವ್ ಹೋಗ್ರಿ ಮೇಡಂ, ಬೇಕಾದ್ರ ಕರೀತೀವಿ" ಅಂದವರು ಮತ್ತೆ ಕರೆಯಲಿಲ್ಲ. ನನ್ನ ಪಾಲಿಗೆ ಅದು ಮುಗಿದಿತ್ತು. ಆ ತುಣುಕು ಎಲ್ಲಿಂದ ಸೋರಿ ಫೇಸ್‌ಬುಕ್ಕಿಗೆ ಬಂತೋ, ಆಮೇಲೆ ಎಲ್ಲ ಶುರುವಾಯಿತು.

ಅವತ್ತು ಮನೆಗೆ ಬಂದವಳೇ ಆ ತುಣುಕು ಹಾಕಿದ್ದ ಫೇಸ್‌ಬುಕ್ ಗುಂಪಿಗೆ ಸೇರಿಕೊಂಡೆ. ಏನೂ ಬರೆಯಲಿಲ್ಲ, ಬರೀ ಓದಿದೆ. ಸತ್ತವನಿಗೆ ನ್ಯಾಯ ಕೊಡಿಸುತ್ತೇವೆ ಎಂದು ಹೊರಟವರು ಸಾವಿರಾರು ಜನ. ಅವರಲ್ಲಿ ಅವನನ್ನು ಕಂಡಿದ್ದವರು ಬೆರಳೆಣಿಕೆಯಷ್ಟು. ಚಿತ್ತಾಪುರದ ನಿವೃತ್ತರೊಬ್ಬರು ಸ್ಟೇಷನ್ನಿನಿಂದ ಭಂಕೂರದ ತನಕ ನಕ್ಷೆ ಬರೆದು, ಕೆಂಪು ಗೆರೆ ಎಳೆದು ಹಾಕಿದ್ದರು. ದುಬೈನಲ್ಲಿದ್ದ ಯಾರೋ ಚಿತ್ರದಲ್ಲಿ ಅಂಗಡಿಯ ಶಟರಿಗೆ ನನ್ನನ್ನು ಹೋಲಿಸಿ ಎತ್ತರ ಅಳೆದಿದ್ದರು. ಅಳತೆ ಸರಿಯಾಗಿಯೇ ಇತ್ತು. ಆ ಸೀರೆ ಕಲಬುರಗಿಯ ಯಾವ ಅಂಗಡಿಯದು ಎಂದು ಒಬ್ಬಾಕೆ ಬರೆದಿದ್ದಳು. ಅದು ತಪ್ಪಾಗಿತ್ತು, ಆದರೆ ಅವಳಿಗೆ ಬಂದಷ್ಟು ಮೆಚ್ಚುಗೆ ಯಾರಿಗೂ ಬಂದಿರಲಿಲ್ಲ. ಎಲ್ಲರೂ ಒಪ್ಪಿದ ಸಂಗತಿಗಳು ಎರಡು. ಹಸಿರು ಸೀರೆಯವಳಿಗೂ ಅವನಿಗೂ ಸಂಬಂಧವಿತ್ತು. ಮತ್ತು ಅವಳು ಕುಂಟುತ್ತಾಳೆ.

ನಾನು ಕುಂಟಿಯಲ್ಲ. ಅವತ್ತು ಸ್ಟೇಷನ್ನಿನ ಮೇಲ್ಸೇತುವೆ ಇಳಿಯುವಾಗ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಆದರೆ ಅದನ್ನು ಓದಿದ ಮೇಲೆ ನನ್ನ ನಡಿಗೆಯ ಮೇಲೆ ನನಗೇ ಅನುಮಾನ ಹುಟ್ಟಿತು. ಕ್ಲಾಸಿನಲ್ಲಿ ಬೋರ್ಡಿನ ಕಡೆ ನಡೆಯುವಾಗ ಎಡಗಾಲು ಎತ್ತಿ ಎತ್ತಿ ಇಡುತ್ತಿದ್ದೆ. ಹಾಗೆ ಇಟ್ಟರೆ ಮತ್ತಷ್ಟು ವಿಚಿತ್ರವಾಗಿ ಕಾಣುತ್ತದೇನೋ ಎಂದು ಹೆದರಿ, ಕುಂತೇ ಪಾಠ ಮಾಡಲು ಶುರುಮಾಡಿದೆ.

ನನ್ನ ಗಂಡ ರೈಲ್ವೆಯ ಸಿಗ್ನಲ್ ವಿಭಾಗದವರು. ಅವರ ಜೊತೆ ಕೆಲಸ ಮಾಡುವವರೂ ಆ ತುಣುಕು ನೋಡಿದ್ದರು. ಒಂದು ಸಂಜೆ ಗಂಡ ವಾಡಿಯ ನಮ್ಮ ಕ್ವಾರ್ಟರ್ಸಿಗೆ ಬಂದವರೇ ಚಹಾ ಕುಡಿಯುವ ಮೊದಲೇ ಕೇಳಿದರು.

"ಆ ವಿಡಿಯೋದಾಗ ಇರಾಕಿ ನೀನೇ ಅಲ್ಲ?"

"ಹೌದ್ರಿ. ಪೊಲೀಸರ ಮುಂದ ಹೇಳಿ ಬಂದದ್ದು ನಿಮಗ ಗೊತ್ತದ ಅಲ್ಲ?"

"ಗೊತ್ತದ. ಆದ್ರ ಒಂದು ಪೆನ್ ಡ್ರೈವ್ ತಗೊಳ್ಳಿಕ್ಕ ಇಷ್ಟೊತ್ತು ಏನ್ ಮಾತು?"

"ಅವನ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ಳು. ಮುಂದ ಯಾವ ಕಾಲೇಜಿಗಿ ಹಾಕಬೇಕು, ಹಾಸ್ಟೆಲ್ ಸಿಗ್ತದೇನು ಅಂತ ಕೇಳ್ದ. ನಾ ಹೇಳ್ದೆ."

ಅವರು ತಲೆಯಾಡಿಸಿದರು, ಹೊರಗೆ ಹೋಗಿ ಕುಂತರು. ಕಿಟಕಿಯಿಂದ ನೋಡಿದೆ. ಮೊಬೈಲ್ ತೆಗೆದು ಅದೇ ತುಣುಕನ್ನು ಮತ್ತೆ ನೋಡುತ್ತಿದ್ದರು. ಎರಡು ಬೆರಳಿನಿಂದ ಹಿಗ್ಗಿಸಿ, ಅವನ ಕೈ ನನ್ನ ಕೈಗೆ ತಾಗುವ ಜಾಗವನ್ನು ದೊಡ್ಡದು ಮಾಡಿಕೊಂಡಿದ್ದರು. ಬೈದಿದ್ದರೆ ಜಗಳವಾಡಬಹುದಿತ್ತು. ಅವರು ಬೈಯಲಿಲ್ಲ.

ಆ ವಾರವೇ ಗುಂಪಿನಲ್ಲಿ ಯಾರೋ ಬರೆದರು: "ಹಸಿರು ಸೀರೆಯವಳು ದಿನಾ ಸೇಡಂ ಟ್ರೇನಿಗೆ ಓಡಾಡುತ್ತಾಳೆ." ಅದು ದುಬೈನವರ ಊಹೆಯಲ್ಲ, ನನ್ನ ಜೊತೆಯಲ್ಲೇ ಕುಂತವರ ಮಾತು. ಮರುದಿನದಿಂದ ರೈಲು ಡಬ್ಬಿಯ ಪ್ರತಿಯೊಬ್ಬ ಹೆಂಗಸಿನ ಮೊಬೈಲನ್ನು ಓರೆಗಣ್ಣಿನಿಂದ ನೋಡತೊಡಗಿದೆ. ಚಿತ್ತಾಪುರದಲ್ಲಿ ಇಳಿಯುವ ನರ್ಸು ನನ್ನನ್ನು ನೋಡಿ ನಕ್ಕರೆ ಯಾಕೆ ನಕ್ಕಳು ಅನಿಸುತ್ತಿತ್ತು, ನಗದಿದ್ದರೆ ಯಾಕೆ ನಗಲಿಲ್ಲ ಅನಿಸುತ್ತಿತ್ತು. ಕೆಮಿಸ್ಟ್ರಿ ಮೇಡಂ ಅವತ್ತು ಬೇಕೆಂದೇ ನನ್ನ ಮುಂದೆ ಮೊಬೈಲ್ ಹಿಡಿದಿರಬಹುದೇ ಎಂದೂ ಯೋಚಿಸಿದೆ. ಇವತ್ತಿಗೂ ಯಾರು ಬರೆದರೆಂದು ಗೊತ್ತಿಲ್ಲ. ಅವರೇ ಇರಬಹುದು, ಇರಲಿಕ್ಕಿಲ್ಲ.

ಆಮೇಲೆ ಯಾರೋ ಮೇಲ್ಸೇತುವೆ ಹತ್ತುವ ನನ್ನನ್ನು ಹಿಂದಿನಿಂದ ಫೋಟೋ ತೆಗೆದು, ಸಿಸಿಟಿವಿಯ ಚಿತ್ರದ ಪಕ್ಕಕ್ಕೆ ಜೋಡಿಸಿ ಹಾಕಿದರು. ಕೆಳಗೆ ನನ್ನ ಕಾಲೇಜಿನ ಹೆಸರಿತ್ತು. ಪ್ರಿನ್ಸಿಪಾಲರು ಕರೆದು, ನನ್ನ ಮುಖ ನೋಡದೆ, "ಜರಾ ನಾಕ್ ದಿನ ರಜಾ ತಗೊಂಡ್ರ ಹೆಂಗ್ ಮೇಡಂ? ಹುಡುಗೂರು ಏನೇನರ ಮಾತಾಡ್ಲಿಕತ್ತಾವ" ಅಂದರು. ಠಾಣೆಗೆ ಹೋದೆ. ಮೊದಲಿನ ಇನ್‌ಸ್ಪೆಕ್ಟರಿಗೆ ವರ್ಗವಾಗಿತ್ತು. ಹೊಸಬರು ದೂರು ಬರೆಸಿಕೊಂಡರು, ಅದನ್ನೆಲ್ಲ ನೋಡಲಿಕ್ಕೆ ಹೋಗಬೇಡಿ ಎಂದು ಸಮಾಧಾನವನ್ನೂ ಹೇಳಿದರು. ನಾನು ಎದ್ದು ಬಾಗಿಲ ಕಡೆ ಹೊರಟಾಗ ಅವರು ನನ್ನ ಕಾಲು ನೋಡುತ್ತಿದ್ದಾರೆಂದು ತಿರುಗದೆಯೇ ತಿಳಿಯಿತು.

ಅಷ್ಟರಲ್ಲಿ ಗುಂಪಿನಲ್ಲಿ ಸತ್ತವನ ಹೆಂಡತಿ ಮೊದಲ ಸಲ ಬರೆದಳು. ಒಂದೇ ಸಾಲು: "ಆಕಿ ಒಮ್ಮಿ ನನ್ನ ಮುಂದ ಬಂದು ನಿಂದರ್ಲಿ."

ನಾನು ಹೋಗುವುದೆಂದು ಅವತ್ತೇ ನಿಶ್ಚಯಿಸಿದೆ. ಗಂಡನಿಗೆ ಹೇಳಿದಾಗ, "ನಾನೂ ಬರ್ತೀನಿ" ಅಂದರು. ನನ್ನ ಬೆಂಬಲಕ್ಕೆ ಬರುತ್ತಿದ್ದಾರೋ, ನಾನು ಅಲ್ಲಿ ಏನು ಹೇಳುತ್ತೇನೆಂದು ಕೇಳಲು ಬರುತ್ತಿದ್ದಾರೋ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

ಅವಳು ಶಹಾಬಾದಿನ ಮನೆ ಬಿಟ್ಟು ಚಿಂಚೋಳಿಯ ಆಚೆಗಿದ್ದ ತವರಿಗೆ ಬಂದಿದ್ದಳು. ಸೇಡಂನಲ್ಲಿ ಬಸ್ಸು ಬದಲಿಸಿ, ಚಿಂಚೋಳಿಯಿಂದ ಆಟೋ ಹಿಡಿದು ಹೋದೆವು. ದಾರಿಯುದ್ದಕ್ಕೂ ತೊಗರಿ ಹೂಬಿಟ್ಟಿತ್ತು. ಅವಳ ತಾಯಿ ಕಟ್ಟೆಯ ಮೇಲೆ ಚಾಪೆ ಹಾಸಿ, "ಕುಂದ್ರಿ" ಎಂದು ನೀರು ಕೊಟ್ಟರು. ನಾವು ಯಾರೆಂದು ತಿಳಿದ ಮೇಲೆ ಕೊಟ್ಟ ತಂಬಿಗೆಯನ್ನು ವಾಪಸು ತೆಗೆದುಕೊಳ್ಳದೆ ಒಳಗೆ ಹೋಗಿಬಿಟ್ಟರು.

ಅವಳು ಹೊರಗೆ ಬಂದಳು. ನನಗಿಂತ ಬಹಳ ಚಿಕ್ಕವಳು. ಕೈಯಲ್ಲಿ ಮೊಬೈಲಿತ್ತು. ನಮಸ್ಕಾರಕ್ಕೆ ಉತ್ತರ ಕೊಡಲಿಲ್ಲ.

"ಏಳ್ರಿ" ಅಂದಳು. "ಆ ಬೇವಿನ ಗಿಡದ ತನಕ ನಡದು ತೋರಸ್ರಿ."

ನನ್ನ ಗಂಡ ಏನೋ ಹೇಳಲು ಬಾಯಿ ತೆರೆದರು. ನಾನು ಕೈಸನ್ನೆಯಿಂದ ತಡೆದೆ. ಎದ್ದು ಬೇವಿನ ಗಿಡದ ತನಕ ನಡೆದೆ. ಇಷ್ಟು ದಿನ ಕಾಲನ್ನು ಕಾಯ್ದುಕೊಂಡು ನಡೆದು ನಡೆದು ನನ್ನ ನಡಿಗೆ ಹೇಗಿತ್ತೆಂಬುದೇ ಮರೆತುಹೋಗಿತ್ತು. ಅವಳು ಒಮ್ಮೆ ಮೊಬೈಲನ್ನು, ಒಮ್ಮೆ ನನ್ನನ್ನು ನೋಡಿದಳು. ತಿರುಗಿ ಬಂದು ಅವಳೆದುರು ನಿಂತೆ.

"ಅವತ್ತ ಚಪ್ಪಲಿ ಹರದಿತ್ತವ್ವಾ" ಅಂದೆ.

"ಏನ್ ಮಾತಾಡಿದ್ರಿ ಅವರ ಕೂಡ?"

ಹೇಳಿದೆ. ಮಗಳನ್ನು ಕಾಲೇಜಿಗೆ ಹಾಕಬೇಕೆಂದಿದ್ದು, ಹಾಸ್ಟೆಲ್ಲಿನಲ್ಲಿ ಹೆಣ್ಣುಮಕ್ಕಳಿಗೆ ಚಲೋ ವ್ಯವಸ್ಥೆ ಇದೆಯೇ ಎಂದು ಎರಡೆರಡು ಸಲ ಕೇಳಿದ್ದು, ಎಲ್ಲವನ್ನೂ ಹೇಳಿದೆ. ಅವಳ ಮುಖ ಗಟ್ಟಿಯಾಯಿತು.

"ಸುಳ್ಳ ಹೇಳಬ್ಯಾಡ್ರಿ. ಮಗಳಿಗಿ ಓದಿಸೂದು ಬ್ಯಾಡ, ಗಂಡು ನೋಡಮು ಅಂತ ಅವರೇ ಹಟ ಹಿಡದಿದ್ರು. ಅದೇ ಜಗಳದಾಗ ಅವತ್ತ ಮನಿ ಬಿಟ್ಟು ಹೋಗಿದ್ರು. ನಮ್ಮಿಬ್ಬರದು ಕಡೀ ಮಾತು ಅದೇ."

ಅವಳು ಮಗಳನ್ನು ಕೂಗಿ ಕರೆದಳು. ಎರಡು ಜಡೆಯ ಹುಡುಗಿ ಬಂದು ಕಂಬಕ್ಕೆ ಒರಗಿ ನಿಂತಳು.

"ಈಗ ಮತ್ತೊಮ್ಮಿ ಹೇಳ್ರಿ, ಮೊದಲಿಂದ. ಸುಳ್ಳ ಹೇಳೋರು ಎರಡನೇ ಸಲ ಬ್ಯಾರೆ ಹೇಳ್ತಾರಂತ ಗ್ರೂಪಿನಾಗ ಬರದಾರ."

ಮತ್ತೊಮ್ಮೆ ಹೇಳಿದೆ. ಹೇಳುತ್ತ ಹೇಳುತ್ತ, ಮೊದಲ ಸಲ ಬಿಟ್ಟಿದ್ದ ಒಂದು ಮಾತು ನೆನಪಾಯಿತು. ಸೇರಿಸಿದರೆ ಸುಳ್ಳೆಂದುಕೊಂಡಾಳು ಎಂದು ಅರೆಕ್ಷಣ ತಡೆದೆ. ಆದರೂ ಹೇಳಿದೆ. "'ನಮ್ಮ ಮನ್ಯಾಗ ಆಕಿ ಹೇಳೂದೇ ಖರೆ ಅದ ಮೇಡಂ, ನಾನೇ ತಿಳೀಲಾರದೆ ಒದರಾಡೀನಿ' ಅಂದ. 'ಆಕಿ' ಅಂದ್ರ ಯಾರಂತ ನಾ ಕೇಳಲಿಲ್ಲ."

ಹುಡುಗಿ ಕಂಬ ಹಿಡಿದುಕೊಂಡೇ ಕೆಳಗೆ ಕುಸಿದು ಅಳತೊಡಗಿದಳು. ತಾಯಿ ಅಳಲಿಲ್ಲ. ನಮ್ಮೆದುರಿಗೇ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಗುಂಪಿಗಾಗಿ ಮಾತು ರೆಕಾರ್ಡ್ ಮಾಡಿದಳು.

"ಆ ಹಸಿರು ಸೀರಿ ಹೆಣ್ಮಗಳು ನಮ್ಮನಿಗಿ ಬಂದಿದ್ಳು. ನಾ ಎಲ್ಲಾ ಕೇಳೀನಿ. ಆಕಿ ಏನೂ ಮಾಡಿಲ್ಲ. ಆಕೀನ್ನ ಬಿಟ್ಟಬಿಡ್ರಿ."

ಅಜ್ಜಿ ಚಹಾ ತಂದರು. ಕುಡಿದು ಹೊರಟೆವು.

ಬಸ್ಸು ಸೇಡಂ ಮುಟ್ಟುವುದರೊಳಗೆ ಉತ್ತರಗಳು ಬಂದಿದ್ದವು. ಹೆಂಡತಿಗೆ ಅವಳ ಮೇಲೆ ಇಷ್ಟು ಪ್ರೀತಿ ಯಾಕೆ? ಗಂಡ ಸತ್ತ ಮೇಲೆ ಶಹಾಬಾದ್ ಬಿಟ್ಟು ಓಡಿಹೋದದ್ದು ಯಾಕೆ? ಇಬ್ಬರೂ ಕೂಡಿಯೇ ಮಾಡಿರಬೇಕು. ಮರುದಿನ ಚಿತ್ತಾಪುರದವರು ಹೊಸ ನಕ್ಷೆ ಬರೆದು ಹಾಕಿದರು. ಈ ಸಲ ಕೆಂಪು ಗೆರೆ ಚಿಂಚೋಳಿಯಿಂದ ಭಂಕೂರಕ್ಕೆ ಹೋಗಿತ್ತು. ಕೆಲವು ವಾರ ಅವಳನ್ನು ಹರಿದು ತಿಂದರು. ಅವಳು ಖಾತೆ ಮುಚ್ಚಿದಳು. ಬೇರೆ ಯಾವುದೋ ಜಿಲ್ಲೆಯಲ್ಲಿ ಒಂದು ಕೊಲೆಯಾದ ಮೇಲೆ ಗುಂಪಿನವರೆಲ್ಲ ಆ ಕಡೆ ಹೊರಳಿದರು. ನಾನು ರಜೆ ಮುಗಿಸಿ ಕಾಲೇಜಿಗೆ ಮರಳಿದೆ.

ಅವತ್ತು ಬಸ್ಸಿನಲ್ಲಿ ಗಂಡ ಕಿಟಕಿಯ ಹೊರಗೆ ನೋಡುತ್ತ, "ನನಗೂ ನಿನ್ನ ಮ್ಯಾಲ ಶಕ್ ಇತ್ತು" ಅಂದರು.

"ಗೊತ್ತದ. ಈಗ?"

"ಈಗಿಲ್ಲ."

ಆ ಮಾತನ್ನು ಅವತ್ತು ನಂಬಿದೆ ಎಂದು ಹೇಳಲಾರೆ. ಈಗೀಗ ನಂಬುತ್ತೇನೆ, ಹೆಚ್ಚಿನ ದಿನಗಳಲ್ಲಿ.

ಕೊಂದವನು ಇನ್ನೂ ಸಿಕ್ಕಿಲ್ಲ. ಅವನು ಇಲ್ಲೇ ಎಲ್ಲೋ ಇದ್ದಾನೆ. ನಾನು ಕುಂಟುತ್ತೇನೆಂದು ಸಾವಿರ ಜನ ಒಪ್ಪಿದ್ದನ್ನು ಅವನೂ ಓದಿ ನಿರಾಳವಾಗಿ ಚಹಾ ಕುಡಿದಿರಬಹುದು. ಹುಡುಗಿ ಚಿಂಚೋಳಿಯ ಕಾಲೇಜಿಗೆ ಸೇರಿದ್ದಾಳೆ. ಅವಳ ತಾಯಿ ಆಗಾಗ ನನಗೆ ಫೋನ್ ಮಾಡುತ್ತಾಳೆ. ಮಗಳ ಓದಿನ ಮಾತು ಮುಗಿದ ಮೇಲೆ, ದನಿ ತಗ್ಗಿಸಿ, ಪ್ರತಿ ಸಲವೂ ಅದನ್ನೇ ಕೇಳುತ್ತಾಳೆ.

"ಅವತ್ತ ಅವರ ಹಿಂದ ಯಾರರ ನಿಂತಿದ್ರೇನ್ರಿ? ಜರಾ ನೆನಪು ಮಾಡ್ಕೋರಿ."

ಕಣ್ಣು ಮುಚ್ಚಿ ನೆನೆಯುತ್ತೇನೆ. ಚಹಾದಂಗಡಿ, ಆಟೋಗಳು, ಕಂಬದ ಹತ್ತಿರ ಯಾರೋ ಒಬ್ಬ. ಅವನನ್ನು ನಾನು ಅವತ್ತೇ ಕಂಡೆನೋ, ಆ ತುಣುಕನ್ನು ನೋಡಿ ನೋಡಿ ಅವನು ನನ್ನ ನೆನಪಿನಲ್ಲಿ ಬಂದು ನಿಂತನೋ ಹೇಳಲಾರೆ.

"ಇಲ್ಲವ್ವಾ, ಖಾತ್ರಿ ಇಲ್ಲ" ಅನ್ನುತ್ತೇನೆ.

"ನೆನಪಾದ್ರ ಮೊದಲ ನನಗ ಹೇಳ್ರಿ" ಅನ್ನುತ್ತಾಳೆ. "ಬ್ಯಾರೆ ಯಾರ ಮುಂದೂ ಹೇಳಬ್ಯಾಡ್ರಿ."