ಪಾರುವನ್ನು ಕರೆಯಲು ಕುಣಿಗಲ್ ಕೆರೆಗೆ

ಕಾರ್ತಿಕದ ಆ ಬೆಳಗ್ಗೆ ಗುಬ್ಬಿಯಲ್ಲಿ ಎಂದಿನ ಚಳಿಯಿತ್ತು. ಹನ್ನೆರಡು ವರ್ಷದ ನನ್ನ ಮಗ ಬಸು ತನ್ನ ನೀಲಿ ಸ್ವೆಟರ್ ತೊಟ್ಟು ನೋಡಿದ. ತೋಳು ಮಣಿಕಟ್ಟಿಗೆ ಎಟುಕಲಿಲ್ಲ. "ತಗೊಳ್ಳೇ ಪಾರು, ಇನ್ಮೇಲೆ ನಿಂದು ಕಣೇ" ಎಂದು ತಂಗಿಯ ತಲೆಯ ಮೇಲೆ ಎಸೆದ. "ಥೂ, ಬೆವರು ವಾಸ್ನೆ ಕಣೋ" ಎಂದು ಮೂಗು ಮುಚ್ಚಿಕೊಂಡ ಪಾರು ಅದನ್ನೇ ಹಾಕಿಕೊಂಡು ಶಾಲೆಗೆ ಹೋದಳು.

ಮರುದಿನ ಕುಣಿಗಲ್‌ನಲ್ಲಿದ್ದ ನನ್ನ ಅಕ್ಕನ ಮನೆಗೆ ಹೋದೆವು. ಮಧ್ಯಾಹ್ನ ಮಕ್ಕಳಿಬ್ಬರೂ ಕೆರೆಗೆ ಹೋದರು. ಬಸು ಕಾಲು ಜಾರಿ ನೀರಿಗೆ ಬಿದ್ದವನು ಬದುಕಿ ಮೇಲೆ ಬರಲಿಲ್ಲ. ದಡದಲ್ಲಿ ನಿಂತು ನೋಡಿದ ಪಾರು ಅವತ್ತಿನಿಂದ ಮಾತು ನಿಲ್ಲಿಸಿದಳು. ಊಟ ಬಿಟ್ಟಳು. ದಿನದಿನಕ್ಕೆ ಸಣ್ಣಗಾದಳು. ಡಾಕ್ಟರಿಗೆ ತೋರಿಸಿದೆವು, ಮಠಕ್ಕೆ ಹೋಗಿ ವಿಭೂತಿ ತಂದೆವು, ತುಮಕೂರಿನ ದರ್ಗಾದಲ್ಲಿ ತಾಯಿತ ಕಟ್ಟಿಸಿದೆವು. ಇವಳೂ ಹೋಗಿಬಿಡುತ್ತಾಳೆ ಎಂಬ ಭಯ ನನ್ನ ಎದೆಯಲ್ಲಿ ಕೂತುಬಿಟ್ಟಿತು.

ತುಮಕೂರಿನ ಫುಟ್‌ಪಾತ್‌ನಲ್ಲಿ ಪ್ರತಿ ಚಳಿಗಾಲ ಸ್ವೆಟರ್ ಮಾರುವ ಟಿಬೆಟಿನ ಡೋಲ್ಮಾ ಪಾರುವನ್ನು ನೋಡಿ, "ಅಕ್ಕಾ, ಇವ್ಳ ಜೀವ ಹೆದರಿ ಹೊರಗೆ ಬಿದ್ದೈತೆ. ನಮ್ಮ ಜೊತೆ ಒಬ್ರು ಅಜ್ಜ ಅವ್ರೆ, ಆ ಕೆರೆ ಹತ್ರಾನೇ ಹೋಗಿ ಅದನ್ನ ವಾಪಸ್ ಕರೀತಾರೆ" ಎಂದಳು. ಆ ಅಜ್ಜ ಮಂಗೋಲಿಯಾದ ಭಿಕ್ಷು. ಹುಡುಗನಾಗಿದ್ದಾಗಲೇ ದೇಶ ಬಿಟ್ಟು ಲ್ಹಾಸಾಗೆ ಬಂದು, ಅಲ್ಲಿಂದ ಬೈಲುಕುಪ್ಪೆ ಸೇರಿದವರು. ನನ್ನ ಯಜಮಾನರು ಅಂಗಡಿ ಬಿಟ್ಟು ಬರುವಂತಿರಲಿಲ್ಲ. "ಯಾವ ದೇವ್ರಾದ್ರೇನು, ಕರ್ಕೊಂಡ್ ಹೋಗು" ಎಂದರು. "ಅವತ್ತು ಮಗೂ ಮೈಮೇಲಿದ್ದ ಬಟ್ಟೆ ತಗೊಂಡು ಬಾ" ಎಂದು ಡೋಲ್ಮಾ ಹೇಳಿದ್ದಳು. ಕೆರೆಗೆ ಹೋದಾಗ ಪಾರು ತೊಟ್ಟಿದ್ದ ನೀಲಿ ಸ್ವೆಟರನ್ನು ಮಡಿಸಿ ಚೀಲದಲ್ಲಿಟ್ಟುಕೊಂಡೆ.

ಗುಬ್ಬಿಯಿಂದ ತುಮಕೂರಿಗೆ ಹನ್ನೆರಡು ಮೈಲಿ. ಬೆಳಗಿನ ಬಸ್ಸು ಹಿಡಿದೆವು. ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಡೋಲ್ಮಾಳ ಪಕ್ಕದಲ್ಲಿ ಕೂತು ಅಜ್ಜ ಕಾಫಿಗೆ ಬನ್ನು ಅದ್ದಿ ತಿನ್ನುತ್ತಿದ್ದರು. ಕೆಂಪು ನಿಲುವಂಗಿ, ಹಲ್ಲಿಲ್ಲದ ಬಾಯಿ. ಬಗಲಲ್ಲಿ ತಮಟೆಯಂಥದ್ದೊಂದು ಇತ್ತು. ಕುಣಿಗಲ್ ಬಸ್ಸಿನ ಕಂಡಕ್ಟರ್ ಅದನ್ನು ನೋಡಿ, "ಏನಜ್ಜೋ, ಯಾವೂರ ಮಾರಮ್ಮನ ಪೂಜೆ? ತಮಟೆಗೂ ಲಗೇಜ್ ಆಯ್ತದೆ" ಎಂದ. ಆಮೇಲೆ ಪಾರುವಿನ ಕಡೆ ಬಗ್ಗಿ, "ಯಾಕವ್ವಾ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ?" ಎಂದು ಕೇಳಿದ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕಂಡಕ್ಟರ್ ನನ್ನ ಮುಖ ನೋಡಿ ಸುಮ್ಮನೆ ಟಿಕೆಟ್ ಹರಿದುಕೊಟ್ಟ.

ಗೂಳೂರು ದಾಟಿದ ಮೇಲೆ ನಾನು ಡೋಲ್ಮಾಳನ್ನು ಮೆಲ್ಲಗೆ ಕೇಳಿದೆ. "ಬುದ್ಧನ ಸನ್ಯಾಸಿಗೆ ತಮಟೆ ಯಾಕೆ?"

ಅವಳು ಅಜ್ಜನನ್ನು ಕೇಳಿ ಹೇಳಿದಳು. "ಇದು ಅವ್ರ ಅಜ್ಜೀದು ಅಕ್ಕ. ಆಕೆ ಮೈಮೇಲೆ ಬೆಟ್ಟದ ದೇವ್ರು ಬರ್ತಿತ್ತಂತೆ. ಹಿಂದಿನ ಕಾಲ್ದಲ್ಲಿ ಲಾಮಗಳು ಮೊದ್ಲು ಅವ್ರ ದೇಶಕ್ಕೆ ಬಂದಾಗ ಇಂಥಾ ತಮಟೆ ಎಲ್ಲಾ ಸುಟ್ರಂತೆ. ಬೆಟ್ಟದ ದೇವ್ರು ಹೋಗ್ಲಿಲ್ಲ. ಕೊನೇಗೆ, ಆಯ್ತು, ನೀನು ಧರ್ಮದ ಬಾಗ್ಲು ಕಾಯಿ ಅಂತ ಗುಡಿ ಒಳಗೇ ಕೂರಿಸ್ಕೊಂಡ್ರು. ಕರೆಯೋಕೆ ತಮಟೆ, ಕಳಿಸೋಕೆ ಪುಸ್ತಕ. ಅಜ್ಜ ಎರಡೂ ಕಲ್ತವ್ರೆ."

ನಮ್ಮ ಕಡೆಯೂ ಮಠದ ಪಕ್ಕದಲ್ಲೇ ಮಾರಮ್ಮನ ಗುಡಿಯಿದೆ. ಅದು ನೆನಪಾದರೂ ನನಗೆ ಧೈರ್ಯ ಬರಲಿಲ್ಲ. ಹೆಬ್ಬೂರಿನಿಂದಾಚೆಗೆ ಪಾರು ನನ್ನ ಸೆರಗು ಹಿಡಿದ ಕೈ ಬಿಡಲೇ ಇಲ್ಲ.

ಕೆರೆಯ ಏರಿಯ ಮೇಲೆ ಬಿಸಿಲಿತ್ತು, ಗಾಳಿ ಜೋರಾಗಿತ್ತು. ಅಜ್ಜ ಎದೆಯ ಮೇಲೆ ಕಂಚಿನ ದುಂಡು ಕನ್ನಡಿ ಇಳಿಬಿಟ್ಟುಕೊಂಡು ನೀರಿಗೆ ಹಾಲು ಚೆಲ್ಲಿದರು. ಗಂಟೆ ಬಾರಿಸಿ ಮಂತ್ರ ಹೇಳಿದರು. ಆಮೇಲೆ ತಮಟೆ ಎತ್ತಿಕೊಂಡರು.

"ಸ್ವೆಟರ್ ಹಿಡ್ಕೊಂಡು ಮಗೂನ ಕರಿ" ಎಂದಳು ಡೋಲ್ಮಾ. "ಬದುಕಿರೋಳ ಹೆಸ್ರು ಮಾತ್ರ ಅಕ್ಕ. ಹೋದೋನ ಹೆಸ್ರು ಬೇಡ. ಕರುದ್ರೆ ಬಂದುಬುಡ್ತಾನೆ. ಬಂದೋನಿಗೆ ವಾಪಸ್ ದಾರಿ ಸಿಗಲ್ಲ."

"ಹುರೈ, ಹುರೈ" ಎಂದು ಅಜ್ಜ ತಮ್ಮ ನಾಡಿನಲ್ಲಿ ಜೀವ ಕರೆಯುವ ಕೂಗು ಹಾಕಿದರು. ಅದು ಮುದುಕರ ದನಿಯಾಗಿರಲಿಲ್ಲ. "ಪಾರೂ, ಬಾರೇ" ಎಂದು ನಾನೂ ಕೂಗಿದೆ. ಇನ್ನೊಂದು ಹೆಸರು ಗಂಟಲವರೆಗೆ ಬಂತು. ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಪಾರು ಚಿಟ್ಟನೆ ಚೀರಿ ಹಿಂದಕ್ಕೆ ಸರಿದಳು. ಅವಳು ನೋಡುತ್ತಿದ್ದದ್ದು ನನ್ನ ಕೈಯಲ್ಲಿದ್ದ ಸ್ವೆಟರನ್ನು.

ತಮಟೆ ನಿಂತಿತು. ಅಜ್ಜ ಸ್ವೆಟರನ್ನು ತೆಗೆದುಕೊಂಡು ಏನೋ ಕೇಳಿದರು. ಡೋಲ್ಮಾ ಕಾಲರ್ ಮಗುಚಿ ತಾನೇ ಹಾಕಿದ ಹೊಲಿಗೆ ಗುರುತಿಸಿದಳು. ಅವಳ ಮುಖ ಬಿಳಿಚಿಕೊಂಡಿತು.

"ಅಕ್ಕಾ, ಇದು ನಿನ್ನ ಮಗಂಗೆ ಅಂತ ನಾನೇ ಕೊಟ್ಟಿದ್ದಲ್ವಾ?"

ನಮ್ಮಂಥ ಮನೆಗಳಲ್ಲಿ ದೊಡ್ಡವರದು ಚಿಕ್ಕವರಿಗೆ. ಅದು ಯಾರದೆಂದು ಯಾರೂ ಯೋಚಿಸುವುದಿಲ್ಲ. ಮೊದಲು ತೊಟ್ಟವರನ್ನು ಬಟ್ಟೆ ಮರೆಯುವುದಿಲ್ಲವಂತೆ. ನಾನು ಯಾರನ್ನು ಕರೆದೆ?

"ಇವ್ಳಿಗೆ ಅಂತಲೇ ತಂದಿದ್ದು ಬೇರೆ ಏನೈತೆ?" ಎಂದು ಡೋಲ್ಮಾ ಕೇಳಿದಳು.

ಪಾರುವಿನ ಲಂಗ ನನ್ನ ಹಳೇ ಸೀರೆಯದು, ಜಾಕೀಟು ಅಕ್ಕನ ಮಗಳದು. ಜಡೆಯಲ್ಲಿದ್ದ ಕೆಂಪು ಟೇಪು ಮಾತ್ರ ಬಸು ನೀರಿಗೆ ಬಿದ್ದ ದಿನ ಬೆಳಗ್ಗೆ ನನ್ನ ಅಕ್ಕ ಅವಳಿಗೆಂದೇ ಅಂಗಡಿಯಿಂದ ತಂದು ಕಟ್ಟಿದ್ದು. ಅದನ್ನು ಬಿಚ್ಚಿ ಹಿಡಿದು ಮತ್ತೆ ಕರೆದೆ. ಕರೆದು ಮುಗಿದ ಮೇಲೆ ಅಜ್ಜ ಆ ಟೇಪನ್ನು ಅವಳ ಕೊರಳಿಗೆ ಕಟ್ಟಿದರು.

ಆಮೇಲೆ ತಮಟೆಯನ್ನು ಕೆಳಗಿಟ್ಟು, ಬಟ್ಟೆಯ ಗಂಟು ಬಿಚ್ಚಿ ಉದ್ದನೆಯ ಹಾಳೆಗಳ ಪುಸ್ತಕ ತೆಗೆದರು. ಅದು ಬಸುವಿಗಾಗಿ. ಓದು ಮುಗಿಯುವಾಗ ಸ್ವೆಟರನ್ನು ನನ್ನ ಕೈಯಾರೆ ನೀರಿಗೆ ಬಿಡಬೇಕಿತ್ತು. ಅವನ ಉಳಿದ ಬಟ್ಟೆಗಳನ್ನೆಲ್ಲ ಕರ್ಮದ ದಿನವೇ ಕೊಟ್ಟುಬಿಟ್ಟಿದ್ದೆವು. ನಾನು ಸ್ವೆಟರನ್ನು ಮೂಗಿಗೆ ಒತ್ತಿ ಹಿಡಿದು ನಿಂತೆ.

"ಬಿಡಕ್ಕ" ಎಂದಳು ಡೋಲ್ಮಾ. "ಮಗೂನ ನೋಡು, ಬಿಡು."

ಬಿಟ್ಟೆ. ಅದು ತೋಳು ಚಾಚಿಕೊಂಡು ಸ್ವಲ್ಪ ದೂರ ತೇಲಿ ಮುಳುಗಿತು.

ವಾಪಸ್ ಬಸ್ಸಿನಲ್ಲಿ ಕಿಟಕಿಯಿಂದ ಗಾಳಿ ನುಗ್ಗುತ್ತಿತ್ತು. ಗೂಳೂರು ಹತ್ತಿರ ಬಂದಾಗ ಪಾರು ನನ್ನ ಮಡಿಲಿಗೆ ಸರಿದು, "ಅಮ್ಮಾ, ಚಳಿ" ಎಂದಳು. ಎರಡು ತಿಂಗಳ ಮೇಲೆ ಕೇಳಿದ ಮಾತು. ಸೆರಗು ಹೊದಿಸಿ ಅಪ್ಪಿಕೊಂಡೆ. ತುಮಕೂರು ಬರುವವರೆಗೂ ನಾನು ಹಿಂದಿರುಗಿ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಯಾರಾದರೂ ಕೂತಿರಬಹುದು ಎಂಬ ಹೆದರಿಕೆ. ಯಾರೂ ಕೂತಿರಲಿಕ್ಕಿಲ್ಲ ಎಂಬ ಹೆದರಿಕೆಯೂ ಇತ್ತು.

ಪಾರು ಈಗ ಚೆನ್ನಾಗಿದ್ದಾಳೆ, ಮಾತಾಡುತ್ತಾಳೆ. ಮನೆಯಲ್ಲಿ ಬಸುವಿನ ಬಟ್ಟೆ ಒಂದೂ ಇಲ್ಲ.