ಬಣ್ಣದ ಮನೆಯ ಕಾಕು

ಹೋದ ವಾರ ಬೈಲಹೊಂಗಲದ ಸಂತೆಯಲ್ಲಿ ಕೊಂಡ ಬೆಲ್ಲ ನೋಡಲಿಕ್ಕೆ ಬಲು ಚೆಂದವಿತ್ತು. ಕಿತ್ತೂರು ಕಡೆಯದು, ಬಂಗಾರದ ಬಣ್ಣ. ಹೂರಣಕ್ಕೆಂದು ಕುಟ್ಟಿ ಬಿಸಿ ನೀರಿನಲ್ಲಿ ಕರಗಿಸುವಾಗ ಪಾತ್ರೆಯಿಂದ ಎದ್ದ ಆವಿಯಲ್ಲಿ ಆಗಷ್ಟೇ ಬೆಂಕಿಕಡ್ಡಿ ಗೀರಿದಂಥ ವಾಸನೆ ಬಂತು. ತೀರ ಸಣ್ಣ ವಾಸನೆ. ಮನೆಯಲ್ಲಿ ಬೇರೆ ಯಾರಿಗೂ ಗೊತ್ತಾಗಲಿಲ್ಲ. ಪಾಕ ಕುದಿಯುವಾಗ ಬೆಲ್ಲದ ಬಣ್ಣ ತಿಳಿಯಾಗಲೆಂದು ಕೆಲವರು ಒಂದು ಬಿಳಿ ಪುಡಿ ಹಾಕುತ್ತಾರೆ. ಹೈಡ್ರೋಸ್ ಎನ್ನುತ್ತಾರೆ ಅದಕ್ಕೆ. ನಾನು ಸೌಟು ಹಿಡಿದುಕೊಂಡು ಒಲೆಯ ಮುಂದೆ ಹಾಗೇ ನಿಂತುಬಿಟ್ಟೆ. ಅದೇ ಪುಡಿಯ ಡಬ್ಬಿಯೊಂದು ನನ್ನ ಬದುಕಿನಲ್ಲಿ ಬಂದುಹೋಗಿತ್ತು. ಅದರ ಜೊತೆಗೆ ಒಬ್ಬ ಹೆಣ್ಣುಮಗಳೂ...

ನಾನು ಮದುವೆಯಾಗಿ ಸವದತ್ತಿಯಿಂದ ರಾಮದುರ್ಗಕ್ಕೆ ಹೋದವಳು. ಗಂಡನ ಮನೆಯಲ್ಲಿ ಎರಡು ಕೈಮಗ್ಗಗಳಿದ್ದವು. ನಮ್ಮ ಮನೆಗೆ ಗೋಡೆ ಹಚ್ಚಿಕೊಂಡೇ ಬಣ್ಣದ ಮನೆ. ಓಣಿಯ ನೇಕಾರರೆಲ್ಲ ನೂಲಿಗೆ ಬಣ್ಣ ಹಾಕಿಸುತ್ತಿದ್ದದ್ದು ಅಲ್ಲಿಯೇ. ಅದನ್ನು ನಡೆಸುತ್ತಿದ್ದವರನ್ನು ಊರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡ ಮೇಲೆ ಕೆಲಸ ನಿಲ್ಲಿಸದೆ, ತಮ್ಮನನ್ನು ಜೊತೆಗಿಟ್ಟುಕೊಂಡು ನಡೆಸಿಕೊಂಡು ಬಂದಿದ್ದರು. ಎತ್ತರದ ಹೆಂಗಸು, ಮೊಣಕೈವರೆಗೆ ಸದಾ ನೀಲಿ. ಊಟಕ್ಕೆ ಕೂತಾಗ ಆ ನೀಲಿ ಕೈ ರೊಟ್ಟಿ ಮುರಿಯುವುದನ್ನು ಮೊದಲ ದಿನ ನೋಡಿ ನಾನು ನಕ್ಕಿದ್ದೆ. ಅವರೂ ನಕ್ಕಿದ್ದರು.

ಅತ್ತೆಯ ಒಪ್ಪಿಗೆ ಪಡೆದು ಮಧ್ಯಾಹ್ನದ ಹೊತ್ತು ನಾನು ಅಲ್ಲಿ ಕೆಲಸಕ್ಕೆ ಹೋಗತೊಡಗಿದೆ. ನೀಲಿ ಬಣ್ಣ ನೀರಿನಲ್ಲಿ ಕರಗುವುದಿಲ್ಲ ಎನ್ನುವುದು ನನಗೆ ತಿಳಿದದ್ದೇ ಆಗ. ಹಂಡೆಯ ಬೆಚ್ಚನೆ ನೀರಿಗೆ ಕಾಸ್ಟಿಕ್ ಸೋಡಾ ಹಾಕಿ, ಮೇಲೆ ಹೈಡ್ರೋಸ್ ಉದುರಿಸುತ್ತ ತಿರುವಿದರೆ ಬಣ್ಣ ಕರಗಿ ನೀರು ಹಳದಿ ಮಿಶ್ರಿತ ಹಸಿರಾಗುತ್ತದೆ. ನೂಲಿನ ಲಡಿಯನ್ನು ಅದರಲ್ಲಿ ಅದ್ದಿ ಮೇಲೆತ್ತಿದಾಗ ಅದೂ ಹಸಿರೇ. ಬಿದಿರಿನ ಗಳಕ್ಕೆ ಹಾಕಿದ ಮೇಲೆ ಗಾಳಿ ತಾಗುತ್ತ ತಾಗುತ್ತ, ನಮ್ಮ ಕಣ್ಣೆದುರಿಗೇ, ತುದಿಯಿಂದ ನೀಲಿಯಾಗುತ್ತ ಬರುತ್ತಿತ್ತು. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಲಿಲ್ಲ. ಬಣ್ಣ ಕೆಟ್ಟ ನೂಲನ್ನು ಮತ್ತೆ ಬಿಳಿ ಮಾಡಲಿಕ್ಕೂ ಅದೇ ಪುಡಿ ಬೇಕಾಗುತ್ತಿತ್ತು.

ಆ ಪುಡಿಯ ವಿಷಯದಲ್ಲಿ ಮಾತ್ರ ಕಾಕು ಬಹಳ ಕಟ್ಟುನಿಟ್ಟು. ನೋಡಲಿಕ್ಕೆ ಸಣ್ಣ ಸಕ್ಕರೆಯ ಹಾಗೆ. ತಗಡಿನ ಡಬ್ಬಿಯೊಳಗೆ ಪ್ಲಾಸ್ಟಿಕ್ ಚೀಲ, ಚೀಲದ ಬಾಯಿಗೆ ದಾರ, ಮೇಲೆ ಬಿಗಿ ಮುಚ್ಚಳ. ಡಬ್ಬಿಯನ್ನು ನೆಲಕ್ಕೆ ಇಡದೆ ಹಲಗೆಯ ಮೇಲೆ, ಹಂಡೆಗಳಿಂದ ದೂರ, ಒಣ ಮೂಲೆಯಲ್ಲಿ ಇಡುತ್ತಿದ್ದರು. ಅದನ್ನು ತೆಗೆಯಲಿಕ್ಕೆ ಒಂದು ಕಟ್ಟಿಗೆಯ ಚಮಚ ಇತ್ತು, ಅದು ಗೋಡೆಯ ಮೊಳೆಗೆ ತೂಗಾಡುತ್ತಿತ್ತು. ಬೇರೆ ಯಾವುದಕ್ಕೂ ಅದನ್ನು ಬಳಸುವಂತಿರಲಿಲ್ಲ. ಅದನ್ನು ಮುಟ್ಟುವ ಮೊದಲು ಕೈ ಒರೆಸಿಕೊಳ್ಳಬೇಕು, ಮುಖ ಆಚೆ ತಿರುಗಿಸಿಕೊಳ್ಳಬೇಕು, ಕಿಟಕಿ ತೆರೆದಿರಬೇಕು. ಮೊದಲ ದಿನವೇ ನನ್ನನ್ನು ಡಬ್ಬಿಯ ಮುಂದೆ ನಿಲ್ಲಿಸಿ ಹೇಳಿದ್ದರು.

"ಹಂಡ್ಯಾದಾಗಿನ ನೀರಾಗ ಹಾಕಿದ್ರ ಸುಮ್ನ ಕರಗತೈತಿ ತಂಗಿ. ಡಬ್ಬಿಯೊಳಗ ನಾಕು ಹನಿ ಬಿದ್ವು ಅಂದ್ರ ಮಾತ್ರ ಒಳಗೊಳಗ ಬಿಸಿ ಆಕ್ಕೋತ ಹೋಗತೈತಿ. ಆಮ್ಯಾಲ ಅದರ ಹೊಗಿ ಮುಂದ ಯಾರೂ ನಿಲ್ಲಾಕ ಆಗೂದಿಲ್ಲ."

ನಾಲ್ಕು ವರ್ಷ ನಾನು ಆ ಮಾತು ತಪ್ಪಲಿಲ್ಲ.

ಅವತ್ತು ಕಾಕು ಯಾವುದೋ ಮದುವೆಗೆಂದು ಬೆಳಿಗ್ಗೆಯೇ ಸವದತ್ತಿಗೆ ಹೋಗಿದ್ದರು. ಕೊನೆಯ ಹಂಡೆ ಮುಗಿಸುವ ಕೆಲಸ ನನಗೂ ಅವರ ತಮ್ಮನಿಗೂ ಬಿಟ್ಟಿದ್ದರು. ಅವರ ತಮ್ಮ, ಬಣ್ಣ ಹಾಕಿದ ಲಡಿಗಳನ್ನು ತೊಳೆಯಲಿಕ್ಕೆ ಹೊಳೆಗೆ ಹೋದರು. ನಾನೊಬ್ಬಳೇ ಇದ್ದೆ. ಹಂಡೆಯ ನೀರು ಹಸಿರು ಬಿಟ್ಟು ನೀಲಿಗೆ ತಿರುಗತೊಡಗಿತು. ಇನ್ನಷ್ಟು ಹೈಡ್ರೋಸ್ ಬೇಕು ಎಂದರ್ಥ. ತಡವಾದರೆ ನೂಲಿನ ಮೇಲೆ ಕಲೆ ಬೀಳುತ್ತವೆ. ಅದೇ ಹೊತ್ತಿಗೆ ಗೋಡೆಯಾಚೆ ನಮ್ಮ ಮನೆಯಿಂದ ನನ್ನ ಪುಟ್ಟ ಮಗಳು ಅಳುವುದು ಕೇಳಿಸಿತು, ಅತ್ತೆ ನನ್ನ ಹೆಸರು ಹಿಡಿದು ಕೂಗಿದರು. ನಾನು ಗೋಡೆಯ ಕಡೆ ನೋಡಲೂ ಇಲ್ಲ. ಕೈಯಲ್ಲಿದ್ದ ಸ್ಟೀಲ್ ಲೋಟದಿಂದಲೇ ಪುಡಿ ತೋಡಿ ಹಂಡೆಗೆ ಹಾಕಿದೆ. ಆ ಲೋಟದಲ್ಲಿ ಅದಕ್ಕೂ ಮೊದಲು ನೀರು ತುಂಬಿಕೊಂಡಿದ್ದೆ. ಹಂಡೆಯ ನೀರು ಮತ್ತೆ ಹಸಿರಾಯಿತು. ಲೋಟವನ್ನು ಡಬ್ಬಿಯೊಳಗೇ ಬಿಟ್ಟು, ಮುಚ್ಚಳ ಒತ್ತಿ, ಮಗಳ ಹತ್ತಿರ ಓಡಿದೆ. ಕಾಕುವಿನ ತಮ್ಮ ಹೊಳೆಯಿಂದ ಬಂದು ಉಳಿದ ಲಡಿಗಳನ್ನು ಗಳಕ್ಕೆ ಹಾಕಿ, ಬೀಗ ಹಾಕಿಕೊಂಡು ಹೋದದ್ದು ನನಗೆ ಕೇಳಿಸಿತು.

ದೀಪ ಹಚ್ಚುವ ಹೊತ್ತಿಗೆ ಕಾಕು ಬಸ್ಸಿಳಿದು ಬಂದರು. ಬಣ್ಣದ ಮನೆಯ ಬಾಗಿಲಿನ ಸಂದಿಯಿಂದ ಬಿಳಿ ಹೊಗೆ ಬರುತ್ತಿತ್ತು. ಬೀಗ ತೆಗೆದದ್ದೇ ತಡ, ಎದುರು ಮನೆಯವರೊಬ್ಬರು ಬೆಂಕಿಯೆಂದು ತಿಳಿದು ಒಂದು ಕೊಡ ನೀರು ಒಳಗೆ ಎಸೆದರು. ಬೇಡ ಬೇಡ ಎಂದು ಕಾಕು ಕೂಗುವಷ್ಟರಲ್ಲಿ ಅದು ಡಬ್ಬಿಯ ಮೇಲೆ ಬಿದ್ದಾಗಿತ್ತು. ಬುಸ್ಸೆಂದು ಹೊಗೆ ಎದ್ದಿತು. ಓಣಿಯ ಜನ ಕಣ್ಣು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಕಾಕುವಿನ ತಮ್ಮ ಓಡಿಬಂದು ಬಗ್ಗಿಕೊಂಡೇ ಒಳಗೆ ಹೋಗಿ, ಗಳದಿಂದ ಡಬ್ಬಿಯನ್ನು ಬೀದಿಗೆ ದಬ್ಬಿದರು. ಯಾರದೋ ಮನೆ ಕಟ್ಟಲಿಕ್ಕೆ ತಂದಿದ್ದ ಒಣ ಮರಳನ್ನು ಬುಟ್ಟಿಗಟ್ಟಲೆ ಅದರ ಮೇಲೆ ಸುರಿದರು.

ಆದರೆ ಒಳಗೆ ಗಳದ ಮೇಲೆ ಇಡೀ ಓಣಿಯ ನೂಲು ಇತ್ತು, ನನ್ನ ಮಾವನದೂ ಸೇರಿ. ಮಂದಿಯ ನೂಲು ನನ್ನ ಮನೆಯಲ್ಲಿ ಕೆಡಬಾರದು ಎಂದು ಕಾಕು ಮೂಗಿಗೆ ಸೆರಗು ಕಟ್ಟಿಕೊಂಡು ಒಳಹೊಕ್ಕರು. ಎರಡು ಸಲ ತೋಳಿನ ತುಂಬ ಲಡಿ ಹೊತ್ತು ತಂದರು. ಮೂರನೆಯ ಸಲ ಹೊರಗೆ ಬರಲಿಲ್ಲ. ತಮ್ಮನೇ ಹೋಗಿ ಎಳೆದುಕೊಂಡು ಬಂದರು.

ಆಸ್ಪತ್ರೆಯಲ್ಲಿ ಬಹಳ ದಿನ ಇದ್ದರು. ಜೀವ ಉಳಿಯಿತು. ಪುಪ್ಪುಸ ಸುಟ್ಟಹಾಗಾಗಿದೆ, ಇನ್ನು ಮೇಲೆ ಇಂಥ ಕೆಲಸ ಮಾಡುವಂತಿಲ್ಲ ಎಂದರು ಡಾಕ್ಟರು. ಒಂದು ದಿನ ನಾನು ಗಂಜಿ ಒಯ್ದಾಗ ಅವರ ತಮ್ಮ ಮಂಚದ ಪಕ್ಕ ನಿಂತಿದ್ದರು. ಡಬ್ಬಿ ತೆರೆದದ್ದು ಯಾರೆಂದು ಕಾಕು ಕೇಳಿದರು. ನಾನು ತೆರೆದಿಲ್ಲ ಎಂದರು ಅವರು. ಬೀಗ ಹಾಕಿದವನು ನೀನು, ಕೊನೆಗೆ ಇದ್ದವನು ನೀನು, ಮತ್ತೆ ಇನ್ಯಾರು ಎಂದರು ಕಾಕು. ಅವರು ಅದೇ ಮಾತು ಇನ್ನೊಮ್ಮೆ ಹೇಳಿದರು, ನನ್ನ ಹೆಸರು ಮಾತ್ರ ಎತ್ತಲಿಲ್ಲ. ಕಾಕುವಿನ ಮುಖ ಗಟ್ಟಿಯಾಯಿತು. ಉಸಿರು ಸಾಲದೆ ಬಿಟ್ಟು ಬಿಟ್ಟು ಅಂದರು:

"ಕೆಲಸಾ ಕೆಡಿಸಿದ್ದಕ್ಕ ಅಲ್ಲ. ಸುಳ್ಳು ಹೇಳಾಕತ್ತೀಯಲ್ಲ, ಅದಕ್ಕ. ನನ್ನ ಮುಂದ ನಿಲ್ಲಬ್ಯಾಡ ನೀ."

ನಾನು ಗಂಜಿಯ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಮಾವನ ನೂಲು ಅರ್ಧಕ್ಕರ್ಧ ಹಾಳಾಗಿತ್ತು, ಮನೆಯಲ್ಲಿ ಗೊತ್ತಾದರೆ ಏನಾದೀತೋ ಎಂಬ ಅಂಜಿಕೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಹೋದಾಗ ಅವರ ತಮ್ಮ ಇರಲಿಲ್ಲ. ಮಹಾರಾಷ್ಟ್ರದ ಇಚಲಕರಂಜಿಗೆ ಹೋದರಂತೆ, ಅಲ್ಲಿ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತೆಂದು ಮುಂದೆ ತಿಳಿಯಿತು. ಆಮೇಲೆ ಹೇಳುವುದು ದಿನದಿಂದ ದಿನಕ್ಕೆ ಇನ್ನಷ್ಟು ಕಷ್ಟವಾಗುತ್ತ ಹೋಯಿತು...

ಬಣ್ಣದ ಮನೆ ಮುಚ್ಚಿತು. ಕಾಕು ಬೈಲಹೊಂಗಲದಲ್ಲಿದ್ದ ಮಗಳ ಮನೆಗೆ ಹೋದರು. ಕೆಲವು ವರ್ಷಗಳ ಮೇಲೆ ನಮ್ಮ ಮಗ್ಗಗಳೂ ನಿಂತವು. ನನ್ನ ಗಂಡನಿಗೆ ಬೈಲಹೊಂಗಲದ ಅರಿವೆ ಅಂಗಡಿಯಲ್ಲಿ ಕೆಲಸವಾಗಿ ನಾವೂ ಅದೇ ಊರಿಗೆ ಬಂದೆವು. ಮೂರು ಓಣಿಯ ಆಚೆ ಕಾಕು. ವಾರಕ್ಕೊಮ್ಮೆ ಹೋಗುತ್ತಿದ್ದೆ. ಅವರ ಕೈಯ ನೀಲಿ ಪೂರ್ತಿ ಹೋಗಿ, ಕೈಗಳು ಬೇರೆ ಯಾರವೋ ಎನ್ನುವಂತೆ ಕಾಣುತ್ತಿದ್ದವು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸೀಟಿ ಊದಿದಂತೆ ಸದ್ದು. ನಾನು ಹೋದರೆ ಖುಷಿಪಡುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ನೋಡಿಕೊಳ್ಳುವುದಿಲ್ಲ ಎಂದು ಮಗಳ ಮುಂದೆಯೇ ಹೇಳುತ್ತಿದ್ದರು. ಆಗೆಲ್ಲ ನಾನು ಏನಾದರೂ ನೆಪ ಹೇಳಿ ಎದ್ದುಬಿಡುತ್ತಿದ್ದೆ.

ಹೀಗೆ, ಆ ಹೊಗೆಯ ದಿನದಿಂದ ಲೆಕ್ಕ ಹಿಡಿದರೆ, ಒಂಬತ್ತು ವರ್ಷ ಕಳೆದವು. ಒಂದು ದಿನ ಹೋದಾಗ ಕಾಕು ಗೋಡೆಗೆ ದಿಂಬು ಇಟ್ಟುಕೊಂಡು ಕೂತಿದ್ದರು. ಮೈ ಬಹಳ ಇಳಿದಿತ್ತು. ತಲೆದಿಂಬಿನ ಕೆಳಗಿಂದ ಒಂದು ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. ತಮ್ಮನ ಫೋನ್ ನಂಬರು. ಯಾರಿಂದಲೋ ತರಿಸಿಕೊಂಡಿದ್ದರು.

"ಅವಗ ಫೋನ್ ಹಚ್ಚು ತಂಗಿ. ನಂಗ ಭಾಳ ಮಾತಾಡಾಕ ಆಗೂದಿಲ್ಲ, ನೀನ ಹೇಳು. ಆಗಿದ್ದು ಆಗಿ ಹೋತು, ಅಕ್ಕ ಮನಸಿನ್ಯಾಗ ಏನೂ ಇಟ್ಕೊಂಡಿಲ್ಲ, ನಿನ್ನ ತಪ್ಪು ಹೊಟ್ಟ್ಯಾಗ ಹಾಕ್ಕೊಂಡಾಳ ಅಂತ ಹೇಳು."

ಒಂಬತ್ತು ವರ್ಷ ಸುಮ್ಮನಿದ್ದವಳಿಗೆ ಈ ಮಾತನ್ನು ಮಾತ್ರ ಬಾಯಿಂದ ಆಡಲಿಕ್ಕೆ ಆಗಲಿಲ್ಲ. ಮಾಡದ ತಪ್ಪಿಗೆ ಅವರಿಗೆ ಕ್ಷಮೆ ಸಿಕ್ಕಿದೆ ಎಂದು ನಾನೇ ಹೇಗೆ ತಿಳಿಸಲಿ? ಕಾಕುವಿನ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಮಗಳು ಅತ್ತದ್ದು, ಅತ್ತೆ ಕೂಗಿದ್ದು, ಲೋಟ.

ಕಾಕು ಬಣ್ಣದ ಮನೆಯಲ್ಲಿ ಕೇಳುತ್ತಿದ್ದ ಧಾಟಿಯಲ್ಲೇ ಕೇಳಿದರು.

"ಲೋಟಾ ಹಸೀದಿತ್ತೇನು?"

"ಹೂನ್ರಿ."

"ಒಳಗ ಬಿಟ್ಟಿ?"

"ಬಿಟ್ಟೆನ್ರಿ ಕಾಕು."

ಅವರು ಕಣ್ಣು ಮುಚ್ಚಿಕೊಂಡರು. ನಾನು ಅವರ ಪಾದ ಹಿಡಿಯಲು ಹೋದಾಗ ಕಾಲು ಹಿಂದಕ್ಕೆ ಎಳೆದುಕೊಂಡರು.

"ನನಗ ಹೇಳಿ ಏನೂ ಉಪಯೋಗಿಲ್ಲ. ಅವಗ ಹೇಳು. ಇಲ್ಲೇ, ನನ್ನ ಮುಂದ."

ಫೋನ್ ಹಚ್ಚಿದೆ. ಆ ಕಡೆ ಯಂತ್ರಗಳ ಸದ್ದು. ನಾನು ಯಾರೆಂದು ಹೇಳಿ, ನಡೆದದ್ದನ್ನೆಲ್ಲ ಹೇಳಿದೆ. ಮಾತು ಮುಗಿಯುವಷ್ಟರಲ್ಲಿ ಯಂತ್ರಗಳ ಸದ್ದು ದೂರವಾಗಿತ್ತು. ಹೊರಗೆ ಬಂದು ನಿಂತಿದ್ದರೆಂದು ಕಾಣುತ್ತದೆ. ಫೋನ್ ಅಕ್ಕನಿಗೆ ಕೊಡಿ ಎಂದರು, ಅಷ್ಟೇ. ಕಾಕುವಿನ ಕಿವಿಗೆ ಹಿಡಿದೆ. ಆ ಕಡೆಯಿಂದ ಅಳು ಕೇಳಿಸುತ್ತಿತ್ತು. ಈ ಕಡೆ ಕಾಕುವಿನ ಎದೆಯ ಸದ್ದು...

ಮರುದಿನವೇ ಅವರು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಕ್ಕನ ಹತ್ತಿರ ಹದಿನೈದು ದಿನ ಇದ್ದರು. ಬೆನ್ನು ಒತ್ತಿದರು, ಗಂಜಿ ಕುಡಿಸಿದರು, ಹಳೆಯ ಮಾತುಗಳನ್ನು ಆಡಿ ನಗಿಸಿದರಂತೆ. ನಾನು ದಿನಾ ಹೋಗುತ್ತಿದ್ದೆ. ಬರಬೇಡ ಎಂದು ಕಾಕು ಹೇಳಲಿಲ್ಲ. ಬಂದವಳಿಗೆ ಚಹಾ ಕೊಡಲಿಕ್ಕೆ ಮಗಳಿಗೆ ಹೇಳುತ್ತಿದ್ದರು. ಆದರೆ ತಂಗಿ ಎಂದು ಕರೆಯುವುದನ್ನು ನಿಲ್ಲಿಸಿದರು. ಹದಿನಾರನೆಯ ದಿನ ಬೆಳಗಿನಲ್ಲಿ, ತಮ್ಮನ ಭುಜಕ್ಕೆ ಒರಗಿಕೊಂಡೇ ಹೋಗಿಬಿಟ್ಟರು.

ಮಣ್ಣು ಮುಗಿಸಿದ ಮೂರನೆಯ ದಿನ, ಬಸ್ ಸ್ಟ್ಯಾಂಡಿಗೆ ಹೊರಟ ಕಾಕುವಿನ ತಮ್ಮನನ್ನು ಅಡ್ಡಗಟ್ಟಿ, ನಿಮ್ಮ ಒಂಬತ್ತು ವರ್ಷ ಹಾಳು ಮಾಡಿದೆ ಎಂದು ಕೈಮುಗಿದೆ. ಅವರು ಚೀಲವನ್ನು ನೆಲಕ್ಕಿಟ್ಟರು. ಧ್ವನಿ ಏರಿಸಲಿಲ್ಲ.

"ನನ್ನ ವರ್ಷದ ಮಾತು ಬಿಡ್ರಿ ವೈನಿ. ನಾ ಹೆಂಗೋ ದುಡಕೊಂಡು ತಿಂದೆ. ನನ್ನ ತಮ್ಮ ಸುಳ್ಳಗಾರ ಅನ್ಕೋತ ಅಷ್ಟು ವರ್ಷ ಉಸರಾಡಿದ್ಲಲ್ಲ ಅಕ್ಕ. ಇದ್ದದ್ದ ಅರ್ಧಾ ಉಸರು."

ಚೀಲ ಎತ್ತಿಕೊಂಡು ನಡೆದರು. ಆಮೇಲೆ ನಾನು ಅವರನ್ನು ನೋಡಿಲ್ಲ.

ಈಗ ಅದಕ್ಕೂ ಬಹಳ ವರ್ಷಗಳಾದವು. ಅಂದು ಅಳುತ್ತಿದ್ದ ಮಗಳಿಗೆ ಮದುವೆಯಾಗಿದೆ. ಅವಳಿಗೆ ಈ ಕಥೆ ಗೊತ್ತಿಲ್ಲ, ಅಳು ಕೇಳಿ ನಾನು ಓಡಿದ್ದು ಅವಳ ತಪ್ಪೂ ಅಲ್ಲ. ಆಸ್ಪತ್ರೆಯ ಬಾಗಿಲಿನಿಂದ ಮಂಚಕ್ಕೆ ಏಳೆಂಟು ಹೆಜ್ಜೆ ಇದ್ದೀತು. ಅವತ್ತು ಅಷ್ಟು ನಡೆದು ಎರಡು ಮಾತು ಹೇಳಿದ್ದರೆ ಕಾಕುವಿನ ಎದೆ ಸರಿಹೋಗುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಮೆಟ್ಟಿಲು ಹತ್ತುವಾಗ ಹಿಡಿದುಕೊಳ್ಳಲು ಅವರ ತಮ್ಮ ಜೊತೆಗಿರುತ್ತಿದ್ದರು. ಮಗಳ ಮನೆಯ ಆ ಮೆಟ್ಟಿಲುಗಳನ್ನು ಕಾಕು ಗೋಡೆ ಹಿಡಿದುಕೊಂಡು, ಒಂದೊಂದಕ್ಕೂ ನಿಂತು ನಿಂತು, ಒಬ್ಬರೇ ಹತ್ತುತ್ತಿದ್ದರು. ನಾನು ಕೆಳಗೆ ನಿಂತು ನೋಡಿದ್ದೇನೆ.